ಸಾಹಸಬಂಡವಲವೂ ಉಡಿಗಾಲದ ಗೃಹಸ್ಥರೂ

ಉಡಿಗಾಲದ ಗೃಹಸ್ಥರೊಬ್ಬರು ಬೇಯಿಸಿದ ಅರಿಸಿನವನ್ನು ಕಣದಲ್ಲಿ ಹರವಿಕೊಂಡಿದ್ದ ಸಮಯದಲ್ಲಿ ನಮ್ಮನ್ನು ಕೂರಿಸಿಕೊಂಡು ಒಂದು ಪ್ರಶ್ನೆಯನ್ನು ಕೇಳಿದರು. ಅವರ ಮಗನು ಬೆಂಗಳೂರಿನ ಹೊಸ ಕಂಪೆನಿಯೊಂದರಲ್ಲಿ ನಾಲ್ಕು ವರ್ಷ ದುಡಿದು, ನೌಕರರನ್ನು ಕಡಿಮೆ ಮಾಡಿದಾಗ ಹೊರಬಿದ್ದಿರುವನು. ಸಂಬಳದ ಒಂದು ಭಾಗಕ್ಕೆ ಬದಲಾಗಿ ಅವನಿಗೆ ಷೇರುಗಳನ್ನು ಕೊಳ್ಳುವ ಹಕ್ಕನ್ನು ಕೊಟ್ಟಿದ್ದರಂತೆ. ಕೆಲಸ ಬಿಟ್ಟ 90 ದಿನಗಳೊಳಗೆ ಹಣ ಕಟ್ಟಿದರೆ ಷೇರು ಕೈಸೇರುವುದು. ಇಲ್ಲವಾದರೆ ಹಕ್ಕೇ ಹೋಗುವುದು. ಕಾಗದದ ಮೇಲಿನ ಬೆಲೆಯೋ ಕಟ್ಟಬೇಕಾದುದರ ಹತ್ತರಷ್ಟು. ಅರಿಸಿನ ಮಾರಿದ ಹಣ ಸಾಲದಿದ್ದರೆ ಮನೆಯ ಒಡವೆಯನ್ನು ಒತ್ತೆಯಿಟ್ಟು ಕಟ್ಟಬಹುದೆ ಎಂಬುದೇ ಅವರ ಪ್ರಶ್ನೆ. ಇದು ಅವರೊಬ್ಬರದೇ ಪ್ರಶ್ನೆಯಲ್ಲವಾದುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತೇವೆ.

ಮೊದಲು ಬೆಲೆಯ ವಿಚಾರ. 2010ರ ಕೊನೆಯಲ್ಲಿ ಅರಿಸಿನದ ಧಾರಣೆಯು ಕ್ವಿಂಟಾಲಿಗೆ 15,000 ರೂಪಾಯಿಗಳನ್ನು ಮೀರಿತ್ತು. ಅದನ್ನು ನೋಡಿ ಎಲ್ಲರೂ ನೆಟ್ಟರು. 2012ರಲ್ಲಿ ಅದು 5,000ಕ್ಕೂ ಕೆಳಗಿಳಿಯಿತು. ಏರಿದ ಧಾರಣೆ ಸುಳ್ಳಾಗಿರಲಿಲ್ಲ; ಅಂದು ಮಾರಿದ ಮೂಟೆಗೆ ಮಾತ್ರ ಅದು ನಿಜವಾಗಿತ್ತು. ಹೊಸ ಕಂಪೆನಿಗಳ ಬೆಲೆ ಕಟ್ಟುವುದೂ ಹೀಗೆಯೇ. ಧನಿಕನೊಬ್ಬನು 10 ಕೋಟಿ ಕೊಟ್ಟು ನೂರರಲ್ಲೊಂದು ಪಾಲನ್ನು ಕೊಂಡರೆ, ಇಡೀ ಕಂಪೆನಿಯ ಬೆಲೆ 1,000 ಕೋಟಿಯೆಂದು ಸಾರುವರು. ಉಳಿದ ತೊಂಬತ್ತೊಂಬತ್ತು ಪಾಲುಗಳನ್ನು ಆ ಬೆಲೆಗೆ ಯಾರೂ ಕೇಳಿರುವುದಿಲ್ಲ. ಬೆಂಗಳೂರಿನ ಬೈಜೂಸ್ ಎಂಬ ಪಾಠ ಹೇಳುವ ಕಂಪೆನಿಗೆ 2022ರಲ್ಲಿ 2,200 ಕೋಟಿ ಡಾಲರುಗಳ ಬೆಲೆಯನ್ನು ಹೀಗೆಯೇ ಕಟ್ಟಿದ್ದರು. 2024ರ ಜುಲೈ ತಿಂಗಳಲ್ಲಿ, ಕ್ರಿಕೆಟ್ ನಿಯಂತ್ರಣ ಮಂಡಲಿಯವರು ಸುಮಾರು 158 ಕೋಟಿ ರೂಪಾಯಿಗಳ ಬಾಕಿಗಾಗಿ ಹಾಕಿದ ಅರ್ಜಿಯ ಮೇಲೆ ಅದು ದಿವಾಳಿಯ ವ್ಯವಹರಣೆಗೆ ಒಳಪಟ್ಟಿತು.

ಹಾಗಾದರೆ ಸಾಹಸಬಂಡವಲವೆಂಬುದು ಬರಿಯ ಜೂಜೆ? ಹಾಗೆನ್ನಲು ನಾವು ಒಪ್ಪುವುದಿಲ್ಲ. ಗುಂಡ್ಲುಪೇಟೆಯಿಂದ ಬಂಡೀಪುರದ ಅಡವಿಯನ್ನು ದಾಟಿ ಗೂಡಲೂರಿನ ಆಚೆಗೆ ಹೋದರೆ ದೇವಾಲ, ಪಂದಲೂರು ಎಂಬ ಊರುಗಳುಂಟು. ಅಲ್ಲಿ ಚಿನ್ನವಿದೆಯೆಂದು 1879ರಿಂದ 1881ರವರೆಗೆ ಲಂಡನ್ನಿನಲ್ಲಿ ಮೂವತ್ತಕ್ಕೂ ಹೆಚ್ಚು ಕಂಪೆನಿಗಳು ಹುಟ್ಟಿದವು. ಕಾಫಿ ಕೈಕೊಟ್ಟಿದ್ದ ತೋಟದ ದೊರೆಗಳು ತಮ್ಮ ಜಮೀನುಗಳನ್ನು ವಿಪರೀತ ಕ್ರಯಕ್ಕೆ ಆ ಕಂಪೆನಿಗಳಿಗೆ ಮಾರಿದರು. ನೆಲದಿಂದ ಬಂದ ಚಿನ್ನ ಅತ್ಯಲ್ಪ. ಕೆಲವೇ ವರ್ಷಗಳಲ್ಲಿ ಎಲ್ಲವೂ ನೆಲಕಚ್ಚಿತು. ಅದೇ ಗಾಳಿಯಲ್ಲಿ, 1880ರಲ್ಲಿ, ಕೋಲಾರದಲ್ಲಿ ಹುಟ್ಟಿದ ಮೈಸೂರು ಚಿನ್ನದ ಗಣಿ ಕಂಪೆನಿಯೂ ಬಂಡವಲವನ್ನೆಲ್ಲ ಕರಗಿಸಿ ಮುಚ್ಚುವ ಸ್ಥಿತಿಗೆ ಬಂದಿತ್ತು. ಜಾನ್ ಟೇಲರ್ ಅಂಡ್ ಸನ್ಸ್ ಎಂಬವರ ಹಟದಿಂದ ಇನ್ನಷ್ಟು ತೋಡಿದಾಗ ಚಾಂಪಿಯನ್ ಎಂಬ ಅದಿರಿನ ಪಟ್ಟೆ ಸಿಕ್ಕಿತು. ಕೋಲಾರದ ಗಣಿಗಳು 2001ರವರೆಗೆ ನಡೆದವು. ಹತ್ತರಲ್ಲಿ ಒಂಬತ್ತು ಮುಳುಗಿದರೂ ಒಂದು ಎಲ್ಲವನ್ನೂ ತೀರಿಸುವುದೆಂಬುದೇ ಈ ಬಂಡವಲದ ಲೆಕ್ಕಾಚಾರ. ಕೋರಮಂಗಲದಲ್ಲಿ 2007ರಲ್ಲಿ ಆರಂಭವಾದ ಫ್ಲಿಪ್‌ಕಾರ್ಟಿನ 77ರಷ್ಟು ಶೇಕಡಾ ಪಾಲನ್ನು ವಾಲ್‌ಮಾರ್ಟಿನವರು 2018ರಲ್ಲಿ 1,600 ಕೋಟಿ ಡಾಲರುಗಳಿಗೆ ಕೊಂಡರು. ಹತ್ತು ಕಡೆ ಹೂಡಬಲ್ಲವನಿಗೆ ಈ ಲೆಕ್ಕ ಸರಿ. ಉಡಿಗಾಲದ ಗೃಹಸ್ಥರಿಗಿರುವುದು ಒಂದೇ ಕಂಪೆನಿ.

ಈಗಿನದು ನೀರ್ಗುಳ್ಳೆಯೆ ಎಂದು ಹಲವರು ಕೇಳುವರು. ಭಾರತದ ಹೊಸ ಕಂಪೆನಿಗಳಿಗೆ 2021ರಲ್ಲಿ ಸುಮಾರು 3,850 ಕೋಟಿ ಡಾಲರು ಹರಿದುಬಂದಿತೆಂದು ಬೈನ್ ಕಂಪೆನಿಯವರ ಗಣನೆ. 2023ರಲ್ಲಿ ಅದು 960 ಕೋಟಿಗೆ ಇಳಿದು 2024ರಲ್ಲಿ 1,370 ಕೋಟಿಗೆ ಏರಿತು. ಇಲ್ಲಿಯ ಗುಳ್ಳೆ ಒಮ್ಮೆ ಒಡೆದುದಾಗಿದೆ. ಅಮೆರಿಕೆಯದು ಬೇರೆ. 2025ರ ಅಕ್ಟೋಬರಿನಲ್ಲಿ ಎನ್ವಿಡಿಯಾ ಕಂಪೆನಿಯ ಪೇಟೆಬೆಲೆ 5 ಲಕ್ಷ ಕೋಟಿ ಡಾಲರುಗಳನ್ನು ಮುಟ್ಟಿತು. ಅದರ ಸರಕಿಗೆ ನಗದು ಗಿರಾಕಿಗಳುಂಟು, ನಿಜ. ಆದರೆ ಹಿಂದಿನ ತಿಂಗಳಲ್ಲೇ ಆ ಕಂಪೆನಿಯು ತನ್ನ ಸರಕನ್ನು ಬಳಸುವ ಓಪನ್‌ಎಐಯಲ್ಲಿ 10,000 ಕೋಟಿ ಡಾಲರುಗಳವರೆಗೆ ಹೂಡುವುದಾಗಿ ಪ್ರಕಟಿಸಿತ್ತು. ಅಂಗಡಿಯವನೇ ಗಿರಾಕಿಯ ಕೈಗೆ ಹಣವಿತ್ತು ವ್ಯಾಪಾರ ಹೆಚ್ಚಿತೆನ್ನುವುದನ್ನು ನಾವು ಅನುಮಾನದಿಂದಲೇ ನೋಡುತ್ತೇವೆ. 2000ದ ಮಾರ್ಚಿನಲ್ಲಿ 5,000ವನ್ನು ದಾಟಿದ ನಾಸ್ಡಾಕ್ ಸೂಚ್ಯಂಕವು 2002ರ ಅಕ್ಟೋಬರಿನಲ್ಲಿ 1,100ರ ಸಮೀಪಕ್ಕೆ ಕುಸಿದು, ಹಿಂದಿನ ಎತ್ತರವನ್ನು ಮತ್ತೆ ಕಂಡುದು 2015ರಲ್ಲಿ. ಅಂತರಜಾಲವು ಮಾತ್ರ ಆ ಕುಸಿತದಿಂದ ನಿಲ್ಲಲಿಲ್ಲ.

ಗುಳ್ಳೆ ಒಡೆದಾಗ ಯಾರ ಕೈಯಲ್ಲಿರುವುದೆಂಬುದು ನಮಗೆ ಮುಖ್ಯ. 2021ರ ನವೆಂಬರಿನಲ್ಲಿ ಪೇಟಿಎಂ ಕಂಪೆನಿಯವರು ಜನರಿಂದ ಎತ್ತಿದ 18,300 ಕೋಟಿ ರೂಪಾಯಿಗಳಲ್ಲಿ 10,000 ಕೋಟಿ ಹೋದುದು ಹಳೆಯ ಪಾಲುದಾರರು ಮಾರಿದ ಷೇರುಗಳಿಗೆ. 2,150 ರೂಪಾಯಿಗೆ ಕೊಟ್ಟ ಷೇರು ಪೇಟೆಗೆ ಬಂದ ಮೊದಲ ದಿನವೇ ಕಾಲುಭಾಗಕ್ಕಿಂತ ಹೆಚ್ಚು ಬಿದ್ದಿತು. ಪೇಟೆಗೆ ಬಾರದ ಕಂಪೆನಿಗಳಲ್ಲಿಯೂ, ಮಾರಾಟವಾದಾಗ ಬಂಡವಲ ಹಾಕಿದವರು ತಮ್ಮ ಅಸಲನ್ನು ಮೊದಲು ತೆಗೆದುಕೊಳ್ಳುವ ಕರಾರು ಸಾಮಾನ್ಯ. ಮಿಕ್ಕಿದ್ದರೆ ನೌಕರನಿಗೆ. ಮೇಲಾಗಿ, ಹಕ್ಕನ್ನು ಚಲಾಯಿಸಿದಾಗ, ಕಟ್ಟಿದ ಹಣಕ್ಕೂ ಕಾಗದದ ಬೆಲೆಗೂ ಇರುವ ಅಂತರವು ಸಾಮಾನ್ಯವಾಗಿ ಸಂಬಳವೆಂದು ಎಣಿಸಲ್ಪಟ್ಟು, ಷೇರನ್ನು ಮಾರದಿದ್ದರೂ ವರಮಾನತೆರಿಗೆ ಬೀಳುವುದು. ಈ ಸಂಗತಿಯನ್ನು ಮಗನು ತಂದೆಗೆ ಹೇಳಿರಲಿಲ್ಲ. ಅವನಿಗೂ ತಿಳಿದಿರಲಿಲ್ಲವೆಂದು ತೋರುತ್ತದೆ.

ಒಡವೆಯನ್ನು ಮುಟ್ಟಬೇಡಿರೆಂದು ಹೇಳಿದೆವು. ಅವಧಿಯನ್ನು ಹೆಚ್ಚಿಸುವರೆ, ಷೇರನ್ನು ಕೊಳ್ಳುವವರು ಈಗ ಯಾರಾದರೂ ಇರುವರೆ, ಕಂಪೆನಿ ಮಾರಾಟವಾದರೆ ನೌಕರರ ಮುಂಚೆ ಎಷ್ಟು ಹಣ ತೀರಬೇಕು ಎಂಬುದನ್ನು ಬರಹದಲ್ಲಿ ಕೇಳಲೆಂದು ಮಗನಿಗೆ ತಿಳಿಸಿದೆವು. 90 ದಿನಗಳಲ್ಲಿ 62 ಆಗಲೇ ಕಳೆದಿದ್ದವು.