ಮೇದೋಜೀರಕದ ಹಳೆಯ ಉರಿಯೂತ: ಹೊಟ್ಟೆ ತೆರೆದೋ, ರೋಬೋಟ್ ಕೈಯಿಂದಲೋ

ಮೇದೋಜೀರಕ ಗ್ರಂಥಿ ಜಠರದ ಹಿಂದೆ, ಬೆನ್ನುಮೂಳೆಯ ಮುಂದೆ ಅಡ್ಡಲಾಗಿ ಮಲಗಿರುವ, ಸುಮಾರು 15 ಸೆಂ.ಮೀ. ಉದ್ದದ ಅಂಗ. ಜೀರ್ಣರಸವನ್ನು ಸಣ್ಣ ಕರುಳಿಗೆ ಹರಿಸುವುದೂ ಇನ್ಸುಲಿನ್ನನ್ನು ರಕ್ತಕ್ಕೆ ಸೇರಿಸುವುದೂ ಅದರ ಕೆಲಸ. ಉರಿಯೂತ ವರ್ಷಗಟ್ಟಲೆ ಬಿಡದೆ ಕಾಡಿದರೆ ಮೆತ್ತನೆಯ ಗ್ರಂಥಿಯಲ್ಲಿ ನಾರು ಬೆಳೆಯುತ್ತದೆ, ನಾಳದೊಳಗೆ ಕ್ಯಾಲ್ಸಿಯಂ ಕಲ್ಲುಗಳು ಕಟ್ಟುತ್ತವೆ. ರಸ ಹರಿಯಲು ದಾರಿ ಸಾಲದೆ ನಾಳ ಉಬ್ಬುತ್ತದೆ. ಮದ್ಯ ಮತ್ತು ಧೂಮಪಾನ ಇದಕ್ಕೆ ಮುಖ್ಯ ಕಾರಣಗಳು. ಆದರೆ ದಕ್ಷಿಣ ಭಾರತದಲ್ಲಿ, ಅದರಲ್ಲೂ ಕೇರಳದಲ್ಲಿ, ಮದ್ಯ ಮುಟ್ಟದ ಹರೆಯದವರಲ್ಲೂ ಈ ಕಾಯಿಲೆ ಕಾಣಿಸಿಕೊಂಡಿದೆ. ಒಂದು ಕಾಲದಲ್ಲಿ ಮರಗೆಣಸಿನ ಮೇಲೆ ಅನುಮಾನವಿತ್ತು, ಅದು ಸಾಬೀತಾಗಲಿಲ್ಲ. ಇಂಥ ಹಲವು ರೋಗಿಗಳಲ್ಲಿ ‘ಸ್ಪಿಂಕ್1’ ಎಂಬ ವಂಶವಾಹಿಯ ದೋಷ ಮುಂದೆ ಪತ್ತೆಯಾಯಿತು.

ರೋಗಿಯನ್ನು ಹಣ್ಣು ಮಾಡುವುದು ನೋವು. ಮೇಲ್ಹೊಟ್ಟೆಯಲ್ಲಿ ಶುರುವಾಗಿ ಬೆನ್ನಿಗೆ ಹಾಯುವ ಈ ನೋವು ಊಟದ ನಂತರ ಹೆಚ್ಚುವುದರಿಂದ ಎಷ್ಟೋ ಮಂದಿ ಊಟಕ್ಕೇ ಹೆದರಿ ಸೊರಗುತ್ತಾರೆ. ಮಾತ್ರೆ, ನಂತರ ಎಂಡೋಸ್ಕೋಪಿಯಿಂದ ಕಲ್ಲು ತೆಗೆದು ಸ್ಟೆಂಟ್ ಇಡುವುದು, ಅದೂ ಸಾಲದಿದ್ದರೆ ಕೊನೆಗೆ ಶಸ್ತ್ರಚಿಕಿತ್ಸೆ ಎಂಬುದು ಬಹುಕಾಲದ ರೂಢಿ. ನೆದರ್ಲೆಂಡ್ಸ್‌ನಲ್ಲಿ 88 ರೋಗಿಗಳ ಮೇಲೆ ನಡೆದು 2020ರಲ್ಲಿ ಪ್ರಕಟವಾದ ‘ಎಸ್ಕೇಪ್’ ಅಧ್ಯಯನ ಈ ಕ್ರಮವನ್ನೇ ಪ್ರಶ್ನಿಸಿತು. ಬೇಗನೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ಒಂದೂವರೆ ವರ್ಷದ ಅವಧಿಯುದ್ದಕ್ಕೂ ನೋವು ಕಡಿಮೆಯಿತ್ತು. ನೋವು ಹಳೆಯದಾದಷ್ಟೂ ನರಮಂಡಲ ಅದಕ್ಕೆ ಹೆಚ್ಚು ಸಂವೇದನಾಶೀಲವಾಗುತ್ತದೆ. ಆಮೇಲೆ ನಾಳ ತೆರವಾದರೂ ನೋವು ಪೂರ್ತಿ ಇಳಿಯದಿರಬಹುದು.

ನಾಳ ಉಬ್ಬಿದವರಿಗೆ ಮಾಡುವ ಶಸ್ತ್ರಚಿಕಿತ್ಸೆಯ ಇಂದಿನ ರೂಪ 1960ರಲ್ಲಿ ಪಾರ್ಟಿಂಗ್ಟನ್ ಮತ್ತು ರೊಶೆಲ್ ವಿವರಿಸಿದ್ದು. ಜಠರವನ್ನು ಮೇಲೆತ್ತಿದರೆ ಗ್ರಂಥಿ ಕಾಣುತ್ತದೆ. ಸೂಜಿ ಚುಚ್ಚಿ ರಸ ಬಂದದ್ದನ್ನು ನೋಡಿಕೊಂಡು ಅಲ್ಲಿಂದ ನಾಳವನ್ನು ಉದ್ದಕ್ಕೂ ಸೀಳಿ, ಕಲ್ಲುಗಳನ್ನೆಲ್ಲ ಹೊರತೆಗೆಯುತ್ತಾರೆ. ಬಳಿಕ ಸಣ್ಣ ಕರುಳಿನ ಒಂದು ಕುಣಿಕೆಯನ್ನು ಮೇಲಕ್ಕೆ ತಂದು ಆ ಸೀಳಿನ ಅಂಚಿಗೆ ಸುತ್ತಲೂ ಹೊಲಿಯುತ್ತಾರೆ. ರಸ ಇನ್ನು ನೇರವಾಗಿ ಕರುಳಿಗೆ ಇಳಿಯುತ್ತದೆ. ಗ್ರಂಥಿಯ ತಲೆಭಾಗ ಊದಿ ಗಟ್ಟಿಯಾಗಿದ್ದರೆ ಅದರ ತಿರುಳನ್ನೂ ಕೆತ್ತಿ ತೆಗೆಯಬೇಕಾಗುತ್ತದೆ. 1987ರ ಫ್ರೇ ವಿಧಾನ ಇದು.

ಹೊಟ್ಟೆ ತೆರೆದು ಮಾಡುವಾಗ ಸರ್ಜನ್‌ಗೆ ಸಿಗುವ ದೊಡ್ಡ ನೆರವು ಬೆರಳು. ಕಲ್ಲು ಎಲ್ಲಿ ಸಿಕ್ಕಿಕೊಂಡಿದೆ, ತಲೆಭಾಗದಲ್ಲಿ ಇನ್ನೆಷ್ಟು ಕೆತ್ತಬಹುದು, ರಕ್ತನಾಳ ಎಷ್ಟು ಹತ್ತಿರವಿದೆ ಎಂಬುದು ಮುಟ್ಟಿದರೆ ತಿಳಿಯುತ್ತದೆ. ರಕ್ತ ಚಿಮ್ಮಿದರೆ ಬೆರಳಲ್ಲೇ ಒತ್ತಿ ಹಿಡಿಯಬಹುದು. ಇದಕ್ಕೆ ತೆರಬೇಕಾದ ಬೆಲೆ ಉದ್ದನೆಯ ಗಾಯ. ರೋಗಿ ಮೊದಲೇ ಸೊರಗಿರುತ್ತಾನೆ, ಜತೆಗೆ ಹಲವರಿಗೆ ಸಕ್ಕರೆ ಕಾಯಿಲೆ. ಗಾಯಕ್ಕೆ ಸೋಂಕು ತಗಲುವ, ಮುಂದೆ ಅಲ್ಲಿ ಹರ್ನಿಯಾ ಆಗುವ ಭಯವಿರುತ್ತದೆ.

ರೋಬೋಟ್ ತಾನಾಗಿ ಕೊಯ್ಯುವುದಿಲ್ಲ. ಸುಮಾರು 8 ಮಿ.ಮೀ. ಅಗಲದ ಕೆಲವು ತೂತುಗಳ ಮೂಲಕ ಒಳಹೋದ ಉಪಕರಣಗಳನ್ನು ಸರ್ಜನ್ ಪಕ್ಕದ ಕನ್ಸೋಲ್‌ನಲ್ಲಿ ಕುಳಿತು ನಡೆಸುತ್ತಾರೆ. 2000ದಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ‘ಡಾ ವಿಂಚಿ’ ಹೆಚ್ಚು ಬಳಕೆಯಲ್ಲಿದೆ. ಭಾರತದಲ್ಲೇ ತಯಾರಾದ ‘ಎಸ್‌ಎಸ್‌ಐ ಮಂತ್ರ’ವೂ ಈಗ ಇದೆ. ಸಾಮಾನ್ಯ ಲ್ಯಾಪರೋಸ್ಕೋಪಿಯ ನೇರ ಕಡ್ಡಿಗಳಿಗೆ ಮಣಿಕಟ್ಟಿಲ್ಲ, ರೋಬೋಟ್‌ನ ಉಪಕರಣಕ್ಕಿದೆ. ನಾಳಕ್ಕೆ ಕರುಳನ್ನು ಜೋಡಿಸುವ ಉದ್ದನೆಯ ಹೊಲಿಗೆಯಲ್ಲಿ ಈ ಮಣಿಕಟ್ಟು, ಹಿಗ್ಗಿಸಿ ಆಳವನ್ನೂ ತೋರಿಸುವ ಚಿತ್ರ, ಕೈನಡುಕವನ್ನು ಸೋಸುವ ವ್ಯವಸ್ಥೆ ಮೂರೂ ಒದಗುತ್ತವೆ. ಹೆಚ್ಚಿನ ಯಂತ್ರಗಳಲ್ಲಿ ಸಿಗದಿರುವುದು ಸ್ಪರ್ಶ. ಆ ಕೊರತೆಯನ್ನು ತುಂಬಲು ಒಳಗೇ ಅಲ್ಟ್ರಾಸೌಂಡ್ ಇಟ್ಟು ನಾಳವನ್ನು, ರಕ್ತನಾಳಗಳನ್ನು ಹುಡುಕುತ್ತಾರೆ.

ಗಟ್ಟಿಯಾದ ಗ್ರಂಥಿ ಸರ್ಜನ್‌ಗೆ ತೊಡಕೂ ಹೌದು, ಅನುಕೂಲವೂ ಹೌದು. ಸುತ್ತಲಿನ ಅಂಗಗಳಿಗೆ ಅಂಟಿಕೊಂಡಿರುವುದರಿಂದ ಬಿಡಿಸುವುದು ಕಷ್ಟ. ಆದರೆ ನಾರುಗಟ್ಟಿದ ಅಂಚು ಹೊಲಿಗೆಯನ್ನು ಭದ್ರವಾಗಿ ಹಿಡಿಯುತ್ತದೆ, ಆದ್ದರಿಂದ ರಸ ಸೋರುವ ಅಪಾಯ ಮೆತ್ತನೆಯ ಗ್ರಂಥಿಗಿಂತ ಕಡಿಮೆ. ಹೊಲಿಗೆ ಯಾವ ದಾರಿಯಿಂದ ಬಿದ್ದರೂ ಈ ಲಾಭವಿದೆ.

ರೋಬೋಟ್‌ನಲ್ಲಿ ರಕ್ತನಷ್ಟ ಕಡಿಮೆ, ಆಸ್ಪತ್ರೆವಾಸ ಚಿಕ್ಕದು ಎಂಬ ವರದಿಗಳಿವೆ. ಸಮಯ ಮತ್ತು ಖರ್ಚು ಹೆಚ್ಚು. ಈ ಅಂಕಿಗಳನ್ನು ಎಚ್ಚರದಿಂದ ಓದಬೇಕು. ಹೆಚ್ಚಿನವು ಒಂದೊಂದು ಆಸ್ಪತ್ರೆಯ ಹಳೆಯ ಕಡತಗಳಿಂದ ಬಂದವು, ಮತ್ತು ಸುಲಭದ ರೋಗಿಗಳೇ ರೋಬೋಟ್‌ಗೆ ಆಯ್ಕೆಯಾಗಿರುವ ಸಾಧ್ಯತೆ ಇದೆ. ಅಷ್ಟಕ್ಕೂ ರೋಗಿ ಮೇಜಿನ ಮೇಲೆ ಮಲಗಿದ್ದು ಮೂರು ದಿನ ಮುಂಚೆ ಮನೆಗೆ ಹೋಗಲೆಂದಲ್ಲ, ನೋವು ಹೋಗಲೆಂದು. ಆ ಲೆಕ್ಕ ಸಿಗುವುದು ವರ್ಷಗಳ ನಂತರ, ಮಾರ್ಫಿನ್‌ನಂಥ ಔಷಧ ನಿಂತಿತೇ, ತೂಕ ಏರಿತೇ ಎಂದು ಕೇಳಿದಾಗ. ನಾಳ ಎಷ್ಟು ಉದ್ದಕ್ಕೆ ತೆರೆಯಿತು, ತಲೆಭಾಗ ಎಷ್ಟು ಹಗುರಾಯಿತು ಎಂಬುದರ ಮೇಲೆ ಅದು ನಿಂತಿದೆ. ಚರ್ಮದ ಮೇಲಿನ ಗಾಯದ ಉದ್ದದ ಮೇಲಲ್ಲ.

ಗುಲ್ಮದ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿ ಸುತ್ತಲಿನ ರಕ್ತನಾಳಗಳು ಉಬ್ಬಿದ್ದರೆ, ಹಿಂದೆ ದೊಡ್ಡ ಶಸ್ತ್ರಚಿಕಿತ್ಸೆಯಾಗಿ ಒಳಗೆಲ್ಲ ಅಂಟಿಕೊಂಡಿದ್ದರೆ ಹೊಟ್ಟೆ ತೆರೆಯುವುದೇ ಸುರಕ್ಷಿತವಾಗಿರಬಹುದು. ರೋಬೋಟ್‌ನಲ್ಲಿ ಆರಂಭಿಸಿ ನಡುವೆ ತೆರೆದ ವಿಧಾನಕ್ಕೆ ಹೊರಳಿದರೆ ಅದು ಸೋಲಲ್ಲ, ವಿವೇಕ. ಅನುಭವದ ಪ್ರಶ್ನೆಯಂತೂ ಹಗುರವಲ್ಲ: ಗ್ರಂಥಿಯ ತಲೆಭಾಗವನ್ನೇ ತೆಗೆಯುವ ವಿಪ್ಪಲ್ ಶಸ್ತ್ರಚಿಕಿತ್ಸೆಯನ್ನು ಲ್ಯಾಪರೋಸ್ಕೋಪಿಯಲ್ಲಿ ಪರೀಕ್ಷಿಸಿದ ಡಚ್ ಪ್ರಯೋಗವೊಂದನ್ನು ಸಾವುಗಳು ಹೆಚ್ಚಾಗಿ ಕಂಡದ್ದರಿಂದ ಅರ್ಧಕ್ಕೇ ನಿಲ್ಲಿಸಬೇಕಾಯಿತು. ಅಲ್ಲಿ ಬಳಸಿದ್ದು ರೋಬೋಟ್ ಅಲ್ಲ; ಆದರೂ ವರ್ಷಕ್ಕೆ ಇಂಥ ಎಷ್ಟು ಶಸ್ತ್ರಚಿಕಿತ್ಸೆ ಮಾಡುತ್ತೀರಿ ಎಂದು ಸರ್ಜನ್‌ರನ್ನು ಕೇಳುವ ಹಕ್ಕು ರೋಗಿಗಿದೆ.

ಯಾವ ದಾರಿ ಹಿಡಿದರೂ ಸತ್ತುಹೋದ ಗ್ರಂಥಿ ಮರಳಿ ಹುಟ್ಟುವುದಿಲ್ಲ. ಕೊಬ್ಬು ಜೀರ್ಣವಾಗದವರಿಗೆ ಊಟದ ಜತೆ ಕಿಣ್ವದ ಕ್ಯಾಪ್ಸೂಲ್, ಸಕ್ಕರೆ ಏರಿದವರಿಗೆ ಇನ್ಸುಲಿನ್ ಮುಂದುವರಿಯುತ್ತದೆ. ಸಿಗರೇಟು, ಮದ್ಯ ಬಿಡದಿದ್ದರೆ ಉಳಿದ ಗ್ರಂಥಿಯೂ ನಾರಾಗುತ್ತಾ ಹೋಗುತ್ತದೆ.