ತಾಯಿಯ ಹಾಲೋ, ಬಾಟಲಿ ಹಾಲೋ?

ಎಚ್‌ಐವಿ ಸೋಂಕು ಇರುವ ತಾಯಿ ಮಗುವಿಗೆ ಹಾಲೂಡಬಹುದೇ? ಈ ವೈರಾಣು ಎದೆಹಾಲಿನ ಮೂಲಕವೂ ದಾಟಬಲ್ಲದು. ಹಾಗಾದರೆ ಬಾಟಲಿ ಹಾಲೇ ಲೇಸು ಎಂದು ಯಾರಿಗಾದರೂ ಅನ್ನಿಸೀತು. ಆದರೆ ವಿಷಯ ಅಷ್ಟು ಸರಳವಲ್ಲ. ಆಫ್ರಿಕಾ ಖಂಡದ ಎರಡು ಅನುಭವಗಳನ್ನು ನೋಡೋಣ.

ಬೋಟ್ಸ್‌ವಾನಾ ಸರ್ಕಾರ ಸೋಂಕಿತ ತಾಯಂದಿರಿಗೆ ಹಾಲಿನ ಪುಡಿಯನ್ನು ಉಚಿತವಾಗಿ ಕೊಡುತ್ತಿತ್ತು. 2006ರ ಆರಂಭದಲ್ಲಿ ಅಲ್ಲಿ ಭಾರಿ ಮಳೆಯಾಗಿ ಕುಡಿಯುವ ನೀರು ಕಲುಷಿತವಾಯಿತು. ಜನವರಿಯಿಂದ ಮಾರ್ಚ್‌ವರೆಗೆ ಮಕ್ಕಳಲ್ಲಿ ವಾಂತಿಭೇದಿ 3 ಪಟ್ಟು ಹೆಚ್ಚಿತು. ಸಾವು 25 ಪಟ್ಟು ಏರಿತು. ಎದೆಹಾಲು ಕುಡಿಯದ ಕೂಸುಗಳೇ ಹೆಚ್ಚಾಗಿ ಇದಕ್ಕೆ ತುತ್ತಾದವು. ಒಂದು ರೋಗದಿಂದ ಪಾರಾದ ಕಂದಮ್ಮಗಳನ್ನು ಇನ್ನೊಂದು ರೋಗ ಕೊಂಡೊಯ್ದಿತ್ತು.

ಎರಡನೆಯದು ದಕ್ಷಿಣ ಆಫ್ರಿಕಾದ ಡರ್ಬನ್ ನಗರದ ಅಧ್ಯಯನ. ಇದು 1999ರಲ್ಲಿ ಪ್ರಕಟವಾಯಿತು. ಬರೀ ಎದೆಹಾಲು ಕುಡಿದ ಮಕ್ಕಳಲ್ಲಿ 3 ತಿಂಗಳ ಹೊತ್ತಿಗೆ ಶೇ. 14.6ರಷ್ಟು ಮಂದಿಗೆ ಸೋಂಕಿತ್ತು. ಎದೆಹಾಲಿನ ಜೊತೆಗೆ ನೀರು, ಬೇರೆ ಹಾಲು, ಗಂಜಿ ಸೇವಿಸಿದವರಲ್ಲಿ ಅದು ಶೇ. 24.1. ಇದಕ್ಕೆ ಕಾರಣವೇನು? ಹಸುಗೂಸಿನ ಕರುಳಿನ ಒಳಪದರ ಬಲು ನಾಜೂಕು. ಹೊರಗಿನ ಆಹಾರ ಅದನ್ನು ಘಾಸಿಗೊಳಿಸಿ ವೈರಾಣುವಿಗೆ ದಾರಿ ಮಾಡಿಕೊಡುತ್ತದೆ ಎಂಬುದು ತಜ್ಞರ ವಿವರಣೆ.

ಅಂದಿನಿಂದ ಚಿಕಿತ್ಸೆ ಬಹಳ ಮುಂದುವರಿದಿದೆ. ಏನೂ ಚಿಕಿತ್ಸೆ ಇಲ್ಲದಿದ್ದರೆ ಗರ್ಭ, ಹೆರಿಗೆ, ಹಾಲೂಡಿಕೆ ಸೇರಿ 100 ಮಕ್ಕಳಲ್ಲಿ 15ರಿಂದ 45 ಮಂದಿಗೆ ಸೋಂಕು ತಗಲಬಹುದು. ತಾಯಿ ದಿನವೂ ತಪ್ಪದೆ ಎಆರ್‌ಟಿ ಮಾತ್ರೆ ಸೇವಿಸಿ, ಮಗುವಿಗೂ ವೈದ್ಯರು ಹೇಳಿದ ಔಷಧ ಹಾಕಿದರೆ ಇದನ್ನು 5ಕ್ಕಿಂತ ಕೆಳಗೆ ಇಳಿಸಬಹುದು. ಮಾತ್ರೆ ರಕ್ತದಲ್ಲೂ ಹಾಲಿನಲ್ಲೂ ವೈರಾಣುವನ್ನು ತಗ್ಗಿಸುತ್ತದೆ. ನಮ್ಮ ಸರ್ಕಾರಿ ಎಆರ್‌ಟಿ ಕೇಂದ್ರಗಳಲ್ಲಿ ಇದು ಉಚಿತ.

ಆದ್ದರಿಂದ ಮಾತ್ರೆ ಸೇವಿಸುತ್ತಿರುವ ತಾಯಿ ಮೊದಲ 6 ತಿಂಗಳು ಬರೀ ಎದೆಹಾಲು ಕೊಡಬಹುದು. ನಂತರ ಮೃದು ಆಹಾರದ ಜೊತೆ ಹಾಲೂಡಿಕೆ ಮುಂದುವರಿಸಬಹುದು. ಪುಡಿಹಾಲನ್ನೇ ಆರಿಸಿಕೊಂಡರೆ ಶುದ್ಧ ನೀರು, ಉರುವಲು, ಹಣ ಮೂರೂ ದಿನನಿತ್ಯ ಇರಬೇಕು. ಮೊದಲ 6 ತಿಂಗಳಲ್ಲಿ ಎರಡನ್ನೂ ಬೆರೆಸುವುದು ಮಾತ್ರ ಸಲ್ಲದು.

ಇಲ್ಲಿ ಮನೆಯವರ ಪಾತ್ರವೂ ದೊಡ್ಡದು. ಜೇನು ನೆಕ್ಕಿಸುವುದು, ಸಕ್ಕರೆ ನೀರು ಕುಡಿಸುವುದು, ಬಜೆ ತೇಯ್ದು ಹಾಕುವುದು ನಮ್ಮಲ್ಲಿ ವಾಡಿಕೆ. ಅಜ್ಜಿಯರು ಪ್ರೀತಿಯಿಂದಲೇ ಮಾಡುವ ಈ ಕೆಲಸ ಇಂಥ ಮಗುವಿಗೆ ಅಪಾಯ ತರಬಹುದು. ಸೋಂಕನ್ನು ಮುಚ್ಚಿಡಬೇಕಾದ ಸೊಸೆ ಅತ್ತೆಗೆ ಬೇಡ ಎನ್ನುವುದು ಹೇಗೆ? ಮಾತ್ರೆಯನ್ನು ಹೆದರದೆ ನುಂಗುವುದು ಹೇಗೆ? ಮನೆಯವರು ಅವಳ ಜೊತೆ ನಿಂತರೆ ಮಾತ್ರ ಔಷಧದ ಪೂರ್ಣ ಫಲ ಮಗುವಿಗೆ ದಕ್ಕೀತು.