ಕೌದಿ ಹೊಲಿದವರ ಹೆಸರು

ರಾಯಚೂರು ಸೀಮೆಯ ಸಂತೆಕಲ್ಲೂರು ಎಂದರೆ ಓದುಬರಹ ಬಲ್ಲವರಿಗೆ ಮೊದಲು ನೆನಪಾಗುವುದು ಘನಮಠ ಶಿವಯೋಗಿಗಳು. 19ನೇ ಶತಮಾನದಲ್ಲಿ ಒಕ್ಕಲುತನದ ಅರಿವನ್ನು ಒಟ್ಟುಮಾಡಿ ‘ಕೃಷಿ ಜ್ಞಾನ ಪ್ರದೀಪಿಕೆ’ ಬರೆದವರು ಅವರು. ಹೊಲದಲ್ಲಿ ದುಡಿಯುವವನಿಗೆ ತಿಳಿದದ್ದು ಪುಸ್ತಕಕ್ಕೆ ತಕ್ಕ ವಿದ್ಯೆ ಎಂಬ ಗೌರವ ಆ ಬರಹದಲ್ಲಿದೆ. ಅದೇ ಸೀಮೆಯ ಹೆಣ್ಣುಮಕ್ಕಳ ಕೈಯಲ್ಲಿದ್ದ ಇನ್ನೊಂದು ವಿದ್ಯೆಗೆ ಇಂಥ ಗೌರವ ಇವತ್ತಿಗೂ ಸಿಕ್ಕಿಲ್ಲ. ಹಳೆಯ ಸೀರೆ, ಧೋತರ, ಕುಬಸ, ಅಂಗಿಗಳನ್ನು ಪದರಪದರವಾಗಿ ಜೋಡಿಸಿ ಕೈಸೂಜಿಯಲ್ಲಿ ಹೊಲಿಯುವ ಕೌದಿಯ ವಿದ್ಯೆ ಅದು. ಮಸ್ಕಿ, ಲಿಂಗಸುಗೂರು, ಸಿಂಧನೂರು ಕಡೆಯ ಮನೆಗಳಲ್ಲಿ ಕೌದಿಯನ್ನು ಹಾಸಿ ಹೊದ್ದು ಬೆಳೆದವರು ಅದನ್ನು ಬಡತನದ ಗುರುತೆಂದು ಮುಚ್ಚಿಡುತ್ತಾರೆ, ಇಲ್ಲವೆ ಮಿತವ್ಯಯದ ಪಾಠವೆಂದು ಹೊಗಳುತ್ತಾರೆ. ಎರಡೂ ಕೌದಿಗೆ ಸಲ್ಲುವ ಮಾತಲ್ಲ. ಕೌದಿ ಒಂದು ಕಲೆ; ಅದನ್ನು ಹೊಲಿದವಳು ತನ್ನ ಬಾಳನ್ನು, ತನ್ನ ಕಣ್ಣಿಗೆ ಚಂದ ಕಂಡದ್ದನ್ನು ಹೇಳಿಕೊಂಡ ಬಗೆ.

ಕೌದಿಯ ಕೆಲಸ ಗಂಟು ಬಿಚ್ಚುವಾಗಲೇ ಶುರುವಾಗುತ್ತದೆ. ಕಟ್ಟಿಟ್ಟ ಹಳೆ ಅರಿವೆಗಳು ಸುಗ್ಗಿ ಮುಗಿದು ಹೊಲದ ಕೆಲಸ ಕಡಿಮೆಯಾದ ಬೇಸಿಗೆಯಲ್ಲಿ ಹೊರಗೆ ಬರುತ್ತವೆ. ಹತ್ತಿಯ ಬಟ್ಟೆಯಾದರೆ ಒಳ್ಳೆಯದು; ಒಗೆದು ಒಗೆದು ಮೆತ್ತಗಾದ ಹತ್ತಿಯಲ್ಲಿ ಸೂಜಿ ಸಲೀಸಾಗಿ ಇಳಿಯುತ್ತದೆ, ಮೈಗೂ ಹಿತ. ಇಳಕಲ್ಲು ಲಿಂಗಸುಗೂರಿಗೆ ದೂರವೇನಲ್ಲ, ಹಾಗಾಗಿ ಈ ಗಂಟುಗಳಲ್ಲಿ ಇಳಕಲ್ ಸೀರೆ ಇರಲೇಬೇಕು. ಆ ಸೀರೆಯ ಒಡಲು ಮೊದಲು ಸವೆಯುತ್ತದೆ, ದಡಿ ಗಟ್ಟಿಯಾಗಿ ಉಳಿಯುತ್ತದೆ. ಸವೆದ ಒಡಲು ಒಳಪದರಕ್ಕೆ ಹೋದರೆ, ದಡಿ ಕೌದಿಯ ಅಂಚಿಗೆ ಏರುತ್ತದೆ. ಗುಳೇದಗುಡ್ಡ ಖಣದ ಕುಬಸ ಹರಿದರೆ ಉಳಿಯುವುದು ಸಣ್ಣ ತುಂಡು, ಆದರೂ ಅದರ ಹೊಳಪಿಗೆ ಮೇಲ್ಮೈಯಲ್ಲೇ ಜಾಗ. ನೆಲದ ಮೇಲೆ ದೊಡ್ಡ ಬಟ್ಟೆ ಹಾಸಿ, ಪದರಗಳನ್ನು ಸುಕ್ಕಿಲ್ಲದಂತೆ ಹರಡಿ, ಮೇಲೆ ಚೌಕ, ಮುಕ್ಕೋನ, ಉದ್ದ ಪಟ್ಟಿಗಳನ್ನು ಕೂಡಿಸಿ, ಎಲ್ಲ ಪದರಗಳೂ ಸಿಗುವಂತೆ ಸಾಲುಸಾಲಾಗಿ ಹೊಲಿಯುತ್ತಾರೆ. ಸಾಲು ಒತ್ತಾದಷ್ಟೂ ಕೌದಿ ಹೆಚ್ಚು ಕಾಲ ಬಾಳುತ್ತದೆ. ದಾರ ಎಳೆಯುವ ಬಿಗಿ ಒಂದೊಂದು ಕೈಗೆ ಒಂದೊಂದು ಥರ. ಬಿಗಿಯಾಗಿ ಎಳೆದ ಕಡೆ ಬಟ್ಟೆ ತುಸು ಉಬ್ಬಿ ಸಣ್ಣ ಅಲೆಗಳೇಳುತ್ತವೆ. ಬೆಳಗಾವಿ, ಧಾರವಾಡದ ಕಡೆ ಗೊಂದಲಿಗರ ಹೆಣ್ಣುಮಕ್ಕಳು ಕೂಲಿಗೆ ಕೌದಿ ಹೊಲಿದುಕೊಡುವುದೂ ಉಂಟು.

ಈಗ ಒಂದು ಪ್ರಶ್ನೆ ಕೇಳಿಕೊಳ್ಳೋಣ. ಚಳಿಗೆ ಹೊದಿಕೆ ಬೇಕೆಂಬುದಷ್ಟೇ ಆಗಿದ್ದರೆ ನಾಲ್ಕು ಹಳೆ ಸೀರೆಗಳನ್ನು ಒಂದರ ಮೇಲೊಂದಿಟ್ಟು ಹೊಲಿದರೆ ಸಾಕಿತ್ತು. ಬಟ್ಟೆಯನ್ನು ಮುಕ್ಕೋನವಾಗಿ ಕತ್ತರಿಸುವುದರಿಂದ ಬೆಚ್ಚನೆಯೇನೂ ಹೆಚ್ಚುವುದಿಲ್ಲ, ಕೆಲಸ ಮಾತ್ರ ಹೆಚ್ಚುತ್ತದೆ. ಕೆಂಪು ತುಂಡು ನಾಲ್ಕು ಮೂಲೆಗೂ ಬೇಕೆಂದು ಹುಡುಕುವುದರಿಂದ, ಹಸಿರಿನ ಪಕ್ಕ ಹಳದಿಯೇ ಬರಲೆಂದು ಹೊಲಿದದ್ದನ್ನು ಬಿಚ್ಚುವುದರಿಂದ ಯಾರ ಚಳಿಯೂ ಕಡಿಮೆಯಾಗುವುದಿಲ್ಲ. ಅಗತ್ಯ ಮುಗಿದ ಮೇಲೂ ಕೈ ಮುಂದುವರಿದದ್ದು ಅಲ್ಲಿ ಕಾಣುತ್ತದೆ, ಮತ್ತು ಕಲೆಯನ್ನು ನಾನು ಹುಡುಕುವುದು ಅಲ್ಲೇ. ಇನ್ನೊಂದು ಸಾಕ್ಷಿ ಬೀದಿಯಲ್ಲೇ ಇದೆ. ಹಳೆ ಬಟ್ಟೆ ತೆಗೆದುಕೊಂಡು ಸ್ಟೀಲ್ ಪಾತ್ರೆ ಕೊಡುವವರು ಊರೂರಿಗೆ ಬರುತ್ತಾರೆ. ಹಾಗಾಗಿ ಹಳೆ ಸೀರೆಗೆ ಬೆಲೆಯಿದೆ, ಅದು ಬಿಸಾಡುವ ಕಸವಲ್ಲ. ಪಾತ್ರೆಗೆ ಹೋಗಬಹುದಾದ ಅತ್ತೆಯ ಸೀರೆಯನ್ನು ಗಂಟಿನಲ್ಲಿ ಉಳಿಸಿಕೊಂಡವಳು ಲೆಕ್ಕ ಹಾಕಿಯೇ ಉಳಿಸಿಕೊಂಡಿದ್ದಾಳೆ. ಹುಟ್ಟಿದ ಕೂಸಿಗೆ ಹಾಸುವ ಕೌದಿಗೆ ಮನೆಯ ಹಿರಿಯರು ಉಟ್ಟ ಬಟ್ಟೆಯನ್ನೇ ಆರಿಸುವಾಗ ಆ ಲೆಕ್ಕ ಇನ್ನೂ ಸ್ಪಷ್ಟವಾಗುತ್ತದೆ. ಅಂಗಡಿಯಿಂದ ತಂದ ಬಣ್ಣಕ್ಕೆ ಹಿಂದಿನ ನೆನಪಿಲ್ಲ. ಕೌದಿಯ ತುಂಡಿಗೆ ಅದನ್ನು ಉಟ್ಟವರ ಹೆಸರಿದೆ, ಅವರು ಉಟ್ಟ ಹಬ್ಬವಿದೆ. ಚಿತ್ರಪಟದ ಮೇಲೆ ಬಣ್ಣ ಹೇಳಲಾರದ ಒಂದು ಮಾತನ್ನು ಉಟ್ಟು ಸವೆದ ಬಟ್ಟೆ ಹೇಳುತ್ತದೆ.

ಚಿಂದಿಯಿಂದ ಆದದ್ದು ಕಲೆ ಹೇಗಾದೀತು ಎನ್ನುವವರಿಗೆ ನಮ್ಮ ನೆಲವೇ ಉತ್ತರ ಕೊಟ್ಟಿದೆ. ಪಕ್ಕದ ಕೊಪ್ಪಳದ ಕಿನ್ನಾಳದಲ್ಲಿ ಚಿತ್ರಗಾರರು ಗೋಣಿಯ ಚಿಂದಿ, ಮರದ ಹೊಟ್ಟು, ಹುಣಸೆಬೀಜದ ಅಂಟು ಕಲಸಿದ ಕಿಟ್ಟದಿಂದ ಗೊಂಬೆಗಳ ಮೈ ತಿದ್ದುತ್ತಾರೆ. ಆ ಗೊಂಬೆಗಳಿಗೆ ಭೌಗೋಳಿಕ ಸೂಚಕದ ಮಾನ್ಯತೆ ಸಿಕ್ಕಿದೆ. ದೀಪಾವಳಿಯಲ್ಲಿ ಉತ್ತರ ಕರ್ನಾಟಕದ ಮನೆಗಳು ಸಗಣಿಯಿಂದ ಪಾಂಡವರನ್ನು ಮಾಡಿ ಹೂ ಸಿಗಿಸಿ ಪೂಜಿಸುತ್ತವೆ. ಭದ್ರಾವತಿಯಲ್ಲಿ 1957ರಲ್ಲಿ ಹುಟ್ಟಿದ ಕಲಾವಿದೆ ಶೀಲಾ ಗೌಡ ಬಣ್ಣದ ಚಿತ್ರಗಳಿಂದ ಹೊರಳಿ 1990ರ ದಶಕದಲ್ಲಿ ಸಗಣಿ, ಕುಂಕುಮ, ದಾರಗಳನ್ನು ಕೈಗೆತ್ತಿಕೊಂಡರು. ಸೂಜಿಗಳ ಮೂಲಕ ಉದ್ದುದ್ದ ದಾರ ಹಾಯಿಸಿ, ಕುಂಕುಮ ಬಳಿದು, ಹಗ್ಗದಂತೆ ಹೊಸೆದು ಅವರು ಮಾಡಿದ ಕೃತಿ ದೇಶವಿದೇಶಗಳ ಗ್ಯಾಲರಿಗಳಲ್ಲಿ ಗೋಡೆಯಿಂದ ನೆಲಕ್ಕೆ ಇಳಿದಿದೆ. 2009ರ ವೆನಿಸ್ ಬಿನಾಲೆಯಲ್ಲಿ ಅವರು ತೋರಿಸಿದ್ದು ಕೂದಲಿನ ಹುರಿ ಮತ್ತು ಕಾರಿನ ಬಂಪರುಗಳನ್ನು. ಅದನ್ನು ಕಲೆಯೆಂದು ಒಪ್ಪಿದ ಮೇಲೆ ಸೂಜಿ, ದಾರ, ಹಳೆ ಸೀರೆಗಳ ಕೆಲಸವನ್ನು ವಸ್ತುವಿನ ಕಾರಣಕ್ಕೆ ಹೊರಗಿಡಲು ಬರುವುದಿಲ್ಲ. ಶರಣರಂತೂ ಈ ಮೇಲುಕೀಳನ್ನು 12ನೇ ಶತಮಾನದಲ್ಲೇ ಅಳಿಸಿದ್ದರು. ಅವರಲ್ಲಿ ಸೂಜಿಕಾಯಕದ ರಾಮಿತಂದೆ ಇದ್ದ. ಲಿಂಗಸುಗೂರು ತಾಲ್ಲೂಕಿನ ಅಮರೇಶ್ವರದವರೆನ್ನುವ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ನೆಲಕ್ಕೆ ಬಿದ್ದ ಅಕ್ಕಿ ಆಯ್ದು ದಾಸೋಹ ಮಾಡಿದರು. ಗಂಡ ಒಂದು ದಿನ ಅಗತ್ಯಕ್ಕಿಂತ ಹೆಚ್ಚು ತಂದಾಗ ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದವಳು ಲಕ್ಕಮ್ಮ. ಆಯ್ದು ತರುವುದರಲ್ಲೂ ಎಷ್ಟು, ಯಾವುದು ಎಂಬ ವಿವೇಕವಿದೆ ಎಂದು ತೋರಿಸಿದ ಆಕೆ ಈ ಸೀಮೆಯ ಮಗಳು.

ಹೆಚ್ಚು ಗಂಭೀರವಾದ ಆಕ್ಷೇಪ ಬೇರೆಯಿದೆ: ಕೌದಿ ಹೊಲಿದವರು ಕಂಬಳಿ ಕೊಳ್ಳಲು ಹಣವಿಲ್ಲದೆ ಹೊಲಿದರು, ಅವರ ಕಷ್ಟವನ್ನು ಕಲೆಯೆಂದು ಕರೆದು ನಾವು ಸಂತೋಷಪಡುವುದು ಸರಿಯೇ? ಈ ಮಾತಿನಲ್ಲಿ ಸತ್ಯವಿದೆ. ಲಿಂಗಸುಗೂರು, ಮಸ್ಕಿ ಕಡೆಯಿಂದ ಬೆಂಗಳೂರಿಗೆ ಗುಳೆ ಹೋಗುವವರ ಗಂಟಿನಲ್ಲಿ ಕೌದಿ ಇರುವುದು ಚಂದಕ್ಕಲ್ಲ. ಬಡತನವನ್ನು ಚಂದ ಮಾಡಿ ತೋರಿಸಬಾರದು, ನಿಜ. ಆದರೆ ಬಡವರು ಮಾಡಿದ್ದೆಲ್ಲ ಬರೀ ಹೊಟ್ಟೆಬಟ್ಟೆಗಾಗಿ, ಅವರಿಗೆ ಚಂದದ ಆಸೆಯೇ ಇರಲಿಲ್ಲ ಎಂದು ತೀರ್ಮಾನಿಸುವುದು ಅದಕ್ಕಿಂತ ದೊಡ್ಡ ಅನ್ಯಾಯ. ಅಮೆರಿಕದ ಅಲಬಾಮಾದ ಜೀಸ್ ಬೆಂಡ್ ಎಂಬ ಊರಿನ ಕಪ್ಪು ಮಹಿಳೆಯರು ಹೊಲದ ಕೆಲಸಕ್ಕೆ ಹಾಕಿ ಹರಿದ ಬಟ್ಟೆಗಳಿಂದ ಹೊದಿಕೆ ಹೊಲಿದರು. 2002ರಲ್ಲಿ ಅವು ಹ್ಯೂಸ್ಟನ್ ಮತ್ತು ನ್ಯೂಯಾರ್ಕಿನ ಕಲಾ ಸಂಗ್ರಹಾಲಯಗಳಿಗೆ ಬಂದವು, 2006ರಲ್ಲಿ ಅಂಚೆಚೀಟಿಯ ಮೇಲೂ ಬಂದವು. ನಮ್ಮ ಹಳಿಯಾಳ, ಯಲ್ಲಾಪುರ, ಮುಂಡಗೋಡ ಕಾಡಂಚಿನ ಸಿದ್ದಿ ಮಹಿಳೆಯರ ಕೌದಿಗಳು, ಅವರ ಮಾತಿನಲ್ಲಿ ಕವಂದಿಗಳು, 2011ರಲ್ಲಿ ನ್ಯೂಯಾರ್ಕಿನ ಶೋಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಸಿದ್ದಿಯರು ಅಂಚಿನಿಂದ ನಡುವಿಗೆ ಸುತ್ತಿ ಹೊಲಿದು, ಮೂಲೆಗಳಿಗೆ ‘ಫುಲ’ ಎಂಬ ಬಟ್ಟೆಯ ಮಡಿಕೆ ಇಡುತ್ತಾರೆ. ಫುಲವಿಲ್ಲದ ಕವಂದಿ ಅವರ ಕಣ್ಣಿಗೆ ಅಪೂರ್ಣ. ಬೆಚ್ಚಗಿರಲು ಫುಲ ಬೇಕಿಲ್ಲ. ಇನ್ನು, ಒಬ್ಬರ ಕೌದಿಯಂತೆ ಇನ್ನೊಬ್ಬರದು ಇರುತ್ತದೆ, ಅದರಲ್ಲಿ ಸ್ವಂತದ್ದೇನು ಎಂಬ ಮಾತಿಗೆ ಉತ್ತರ ಸುಲಭ. ಒಂದೇ ರಾಗವನ್ನು ಹಲವರು ಹಾಡುತ್ತಾರೆ, ಹಾಡಿದವರ ಗುರುತು ಮರೆಯಾಗುವುದಿಲ್ಲ.

ಮಾರುಕಟ್ಟೆಗೆ ಬಂದರೆ ಕೌದಿ ಕೆಡುತ್ತದೆ ಎಂಬ ಭಯಕ್ಕೆ ಆಧಾರವಿದೆ. ಜೀಸ್ ಬೆಂಡ್‌ನ ಕೆಲವರು ತಮಗೆ ಸಲ್ಲಬೇಕಾದ ಹಣಕ್ಕಾಗಿ 2007ರಲ್ಲಿ ನ್ಯಾಯಾಲಯಕ್ಕೆ ಹೋಗಬೇಕಾಯಿತು. ಅಂಗಡಿಗೆಂದು ಹೊಸ ಬಟ್ಟೆ ಕತ್ತರಿಸಿ ಹೊಲಿದ ಕೌದಿಯಲ್ಲಿ ಹೊಲಿಗೆಯಿರುತ್ತದೆ, ಉಟ್ಟವರ ಬಾಳು ಇರುವುದಿಲ್ಲ. ಆದರೂ ಸಂಡೂರಿನ ಲಂಬಾಣಿ ಕಸೂತಿ ಸಂಘಟಿತ ದುಡಿಮೆಯಾಗಿ ಬೆಳೆದು ಮಹಿಳೆಯರ ಕೈಗೆ ಕೂಲಿ ತಂದಿದೆ. ಕೌದಿ ಹೊಲಿಯುವವರಿಗೂ ಅದು ಬೇಡವೆನ್ನುವ ಹಕ್ಕು ಹೊರಗಿನವರಿಗಿಲ್ಲ. ನನಗೆ ಹೆಚ್ಚು ಅಪಾಯವೆನಿಸುವುದು ಮಾರಾಟವಲ್ಲ, ಮರೆವು. ಪಾಲಿಯೆಸ್ಟರ್ ಸೀರೆ ಹತ್ತಿಯಂತೆ ಮೆತ್ತಗಾಗುವುದಿಲ್ಲ, ಸಂತೆಯಲ್ಲಿ ಅಗ್ಗದ ರಗ್ಗು ಸಿಗುತ್ತದೆ, ಸೂಜಿ ಹಿಡಿದ ಕೈಗಳಿಗೆ ವಯಸ್ಸಾಗಿದೆ. ಇರುವ ಕೌದಿಗಳಲ್ಲೂ ಹೊಲಿದವರ ಹೆಸರಿಲ್ಲ. ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿಶ್ವವಿದ್ಯಾಲಯವಿದೆ, ಹಂಪಿಯಲ್ಲಿ ಕನ್ನಡ ವಿಶ್ವವಿದ್ಯಾಲಯವಿದೆ. ರಾಯಚೂರು ಸೀಮೆಯ ಕೌದಿಗಳನ್ನು ಊರು, ಮನೆ, ಹೆಸರು ಸಮೇತ ದಾಖಲಿಸುವುದು ಅವುಗಳ ಅಳವಿಗೆ ಮೀರಿದ್ದಲ್ಲ. ಶಾಲೆಯ ಚಿತ್ರಕಲಾ ಶಿಕ್ಷಕರು ಬಣ್ಣದ ಪೆಟ್ಟಿಗೆ ತೆರೆಯುವ ಮೊದಲು ಮಕ್ಕಳಿಗೆ ಮನೆಯಿಂದ ಒಂದು ಕೌದಿ ತರಲು ಹೇಳಲಿ. ನಿಮ್ಮ ಮನೆಯ ಅಟ್ಟದ ಮೇಲೆ ಕೌದಿಯಿದ್ದರೆ ಈ ವಾರವೇ ಇಳಿಸಿ, ಅವ್ವನನ್ನೋ ಅಜ್ಜಿಯನ್ನೋ ಕೂರಿಸಿಕೊಂಡು ಯಾವ ತುಂಡು ಯಾರದು, ಹೊಲಿದವರು ಯಾರು ಎಂದು ಕೇಳಿ ಬರೆದುಕೊಳ್ಳಿ. ಕೌದಿಯ ಹಿಂಬದಿಯಲ್ಲಿ ಆ ಹೆಸರನ್ನು ದಾರದಲ್ಲೇ ಹೊಲಿಸಿಡಿ.